ಹೊಳೆಯ ಅಳತೆಗಲ್ಲು

ಹೊಳೆಯ ನಡುವೆ ಗೆರೆ, ಅಂಕಿ ಕೊರೆದ ಕಲ್ಲೊಂದು ನಿಂತಿತ್ತು. ನೀರು ಎಷ್ಟು ಆಳವಿದೆ ಎಂದು ದಾಟುವವರಿಗೆ ಹೇಳುವುದೇ ಅದರ ಕೆಲಸ. ಒಂದು ದಿನ ಹಸಿದ ಮರಿಯನ್ನು ಕರೆದುಕೊಂಡು ಕತ್ತೆಯೊಂದು ಬಂತು. ಹುಲ್ಲು ಇದ್ದದ್ದು ಆಚೆ ದಡದಲ್ಲಿ.

"ಇಳಿಯಬೇಡ ತಾಯಿ, ನಿನ್ನ ಮರಿ ಮುಳುಗುತ್ತದೆ," ಎಂದಿತು ಕಲ್ಲು.

ನೀರಲ್ಲಿ ತೇಲುತ್ತಿದ್ದ ಕಪ್ಪೆಗಳು ನಕ್ಕವು. "ಆ ಪಂಡಿತನ ಮಾತು ಕಟ್ಟಿಕೊಂಡು ಏನು ಮಾಡ್ತೀ ಅಕ್ಕ? ಹುಟ್ಟಿದಾಗಿನಿಂದ ನಿಂತಲ್ಲೇ ನಿಂತಿದ್ದಾನೆ, ಒಂದು ಸಲವಾದರೂ ಹೊಳೆ ದಾಟಿದ್ದಾನಾ? ನಾವು ದಿನಾ ದಾಟುತ್ತೇವೆ. ನೀರು ಮೊಣಕಾಲಿಗೂ ಬರಲ್ಲ."

ಕತ್ತೆ ಕಲ್ಲಿನತ್ತ ತಿರುಗಿತು. "ನಿನ್ನನ್ನು ಯಾಕೆ ನಂಬಲಿ?"

ಕಲ್ಲಿಗೆ ದಿಗಿಲಾಯಿತು. ಹಿಂದೆ ಯಾರೂ ಹೀಗೆ ಕೇಳಿದ್ದಿಲ್ಲ. "ನಂಬಬೇಡ. ದಡದಲ್ಲಿ ಇಂಥದೇ ಇನ್ನೊಂದು ಕಲ್ಲಿದೆ. ಮರಿಯನ್ನು ಅದರ ಪಕ್ಕ ನಿಲ್ಲಿಸಿ ಅಳೆದುಕೋ. ಆಮೇಲೆ ನನ್ನ ಮೈಮೇಲೆ ನೀರು ಯಾವ ಅಂಕಿಗಿದೆ ನೋಡು."

ಮರಿಯ ಕಿವಿ ಮೂರಕ್ಕೆ ಬಂತು. ನೀರು ಐದರಲ್ಲಿತ್ತು. ಕತ್ತೆ ಮರಿಯನ್ನು ನೀರಿನಿಂದ ದೂರಕ್ಕೆ ತಳ್ಳಿತು.

ಅಷ್ಟರಲ್ಲಿ ಕಪ್ಪೆಗಳ ಮಾತು ಕೇಳಿ ಮೇಕೆಯೊಂದು ತನ್ನ ಮರಿಯೊಂದಿಗೆ ಓಡಿ ಬಂತು. ಕತ್ತೆ ಅಡ್ಡ ನಿಂತಿತು. "ಇಳಿಯಬೇಡ ತಂಗಿ, ನಾನೇ ಅಳೆದು ನೋಡಿದ್ದೇನೆ."

ಮೇಕೆ ಅದನ್ನು ಮೇಲಿಂದ ಕೆಳಗೆ ನೋಡಿತು. "ಆ ಕಲ್ಲು ನಿನಗೆ ಎಷ್ಟು ಹೊರೆ ಹುಲ್ಲು ಹಾಕಿಸಿತು?"

"ನನ್ನ ಮಾತೂ ಬೇಡ. ನಿನ್ನ ಮರಿಯನ್ನು ಒಮ್ಮೆ ದಡದ ಕಲ್ಲಿನ ಪಕ್ಕ ನಿಲ್ಲಿಸು, ಸಾಕು," ಎಂದಿತು ಕತ್ತೆ.

ಮೇಕೆ ಯೋಚಿಸುತ್ತ ನಿಂತಿತು. ಅದರ ಮರಿಯ ಮುಂಗಾಲು ಆಗಲೇ ನೀರಿನಲ್ಲಿತ್ತು.