ಚೆಂಡು ಕೇಳದ ಇನಾಸ್

ಬನ್ನಿ, ಇತ್ತ ಗೋಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ. ಕಾಲು ಚಾಚಿದರೂ ಅಡ್ಡಿಯಿಲ್ಲ. ನಡುವೆ ನೀರು ಕುಡಿಯುತ್ತೇನೆ ಅಂತ ಮಾತ್ರ ಏಳಬೇಡಿ. ಇದು ಸಣ್ಣ ಕಥೆ, ನೀವು ತಿರುಗಿ ಬರುವಷ್ಟರಲ್ಲಿ ಮುಗಿದಿರುತ್ತದೆ.

ಕಾಳಿ ಹೊಳೆಯ ದಂಡೆಯಲ್ಲಿ, ನಮ್ಮ ಸಿದ್ದಿಗಳ ಕೇರಿಯಿಂದ ಸ್ವಲ್ಪ ಕೆಳಗೆ, ಒಂದು ಬಯಲಿದೆ. ಅಲ್ಲಿ ಬಸ್ತ್ಯಾಂವ ಮಾಸ್ತರರು ಮಕ್ಕಳಿಗೆ ಫುಟ್ಬಾಲ್ ಕಲಿಸುತ್ತಿದ್ದರು. ಪ್ರಾಯದಲ್ಲಿ ಗೋವೆಯ ಕ್ಲಬ್ಬುಗಳಿಗೆ ಆಡಿದವರು. ಮದುವೆಯಾಗಲಿಲ್ಲ. ಬಯಲಿನ ಅಂಚಿಗೆ ಒಂದು ಗುಡಿಸಲು. ಅದೇ ಮನೆ, ಅದೇ ಮಠ.

ಅವರ ಬಯಲಿನಲ್ಲಿ ಒಂದು ಕಟ್ಟಳೆ ಇತ್ತು. ಆಡುವಾಗ ಯಾರೂ ಚೆಂಡು ಕೇಳಬಾರದು.

ಬೇರೆ ಕಡೆ ಮಕ್ಕಳು ನನಗೆ ಕೊಡೋ, ಇಲ್ಲಿ ಕೊಡೋ ಅಂತ ಗಂಟಲು ಹರಿದುಕೊಳ್ಳುತ್ತವೆ. ಇಲ್ಲಿ ಸದ್ದಿಲ್ಲ. ಕಾಲಲ್ಲಿ ಚೆಂಡಿದ್ದವನು ಕತ್ತೆತ್ತಿ ನೋಡಬೇಕು. ಒಳ್ಳೆಯ ಜಾಗ ಹಿಡಿದು ಯಾರು ನಿಂತಿದ್ದಾರೋ ಅವರಿಗೆ ಕೊಡಬೇಕು. ಬಾಯಿಬಿಟ್ಟು ಕೇಳಿದವನು ಹೊಳೆಗೆ ಹೋಗಿ ತಲೆ ಮುಳುಗಿಸಿ ಬರಬೇಕು. ಹೊಸಬರು ನೋಡಿದರೆ, ಈ ಮಕ್ಕಳು ಆಡಲು ಬಂದಿವೆಯೋ ಮಣ್ಣಿಗೆ ಬಂದಿವೆಯೋ ಅನ್ನಬೇಕು, ಹಾಗೆ.

ಆ ಬಯಲಿನಲ್ಲಿ ಆಟ ಕಲಿತವನು ಇನಾಸ್.

ಅವನ ತಾಯಿ ನಮ್ಮ ಕೇರಿಯವಳೇ. ಗೋವೆಯ ಒಂದು ಮನೆಯಲ್ಲಿ ಕೂಸು ನೋಡಿಕೊಳ್ಳಲು ಹೋದವಳು, ಆ ಮನೆಯವರ ಜೊತೆ ಪೋರ್ತುಗಾಲಿಗೆ ಹೋದಳು. ಅಲ್ಲಿ ಬಂದರಿನಲ್ಲಿ ದುಡಿಯುತ್ತಿದ್ದ ಅಂಗೋಲಾ ದೇಶದವನನ್ನು ಮದುವೆಯಾದಳು. ನಮ್ಮ ಹಿರಿಯರನ್ನು ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ತಂದದ್ದಲ್ಲವೇ? ಹಾಗಾಗಿ ಕೇರಿಯ ಮುದುಕರು, ಹುಡುಗಿ ದೂರವೇನೂ ಹೋಗಲಿಲ್ಲ, ಸುತ್ತು ಬಳಸಿ ತವರಿಗೇ ಹೋದಳು ಅಂತ ನಕ್ಕರು.

ಗಂಡ ಬೇಗ ತೀರಿಕೊಂಡ. ಅವಳು ಹಾಲುಹಲ್ಲು ಬೀಳುವ ಮಗನನ್ನು ಇಲ್ಲಿ ತಂಗಿ ಕಾತ್ರೀನಾಳ ಮಡಿಲಿಗೆ ಹಾಕಿ ದುಡಿಯಲು ತಿರುಗಿ ಹೋದಳು. ಮೀಸೆ ಚಿಗುರುವ ಹೊತ್ತಿಗೆ ಕರೆಸಿಕೊಂಡಳು. ಅಲ್ಲಿ ಒಂದು ಕ್ಲಬ್ಬಿನವರು ಅವನ ಆಟ ನೋಡಿ ಸೇರಿಸಿಕೊಂಡರು.

ಅವನು ನಡುವಿನ ಆಟಗಾರ. ಮಿಡ್‌ಫೀಲ್ಡರ್ ಅನ್ನುತ್ತಾರೆ. ಹಿಂದಿನವರಿಂದ ಚೆಂಡು ತಗೊಂಡು ಮುಂದಿನವರಿಗೆ ಮುಟ್ಟಿಸುವುದು. ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ, ಗೋಲು ತಡೆದವನದೂ ಬರುತ್ತದೆ. ನಡುವೆ ನಿಂತು ದಾಟಿಸಿದವನದು ಬರುವುದಿಲ್ಲ. ಮನೆಯ ನಡುವಿನ ಸೊಸೆಯ ಹಾಗೆ.

ಪೋರ್ತುಗಾಲ್ ಆಯಿತು, ಸೈಪ್ರಸ್ ಆಯಿತು, ಹಿಮ ಬೀಳುವ ಪೋಲೆಂಡ್ ಆಯಿತು. ಒಂದು ಕಡೆ ಅವನನ್ನು ಇಂಡಿಯಾದವ ಅಂದರು, ಇನ್ನೊಂದು ಕಡೆ ಆಫ್ರಿಕಾದವ, ಮತ್ತೊಂದು ಕಡೆ ಪೋರ್ತುಗೀಸ. ಹೋದ ಊರಿನ ಭಾಷೆಯನ್ನೆಲ್ಲ ಕಲಿತ. ಆದರೆ ಆಟದಲ್ಲಿ ಬಾಯಿಬಿಡಲಿಲ್ಲ. ಒಳ್ಳೆಯ ಜಾಗ ಹಿಡಿದು ಸುಮ್ಮನೆ ನಿಲ್ಲುವುದು. ಅವನ ಸುತ್ತ ಉಳಿದವರು ಕೂಗಿ ಕೂಗಿ ಚೆಂಡು ಇಸಿದುಕೊಳ್ಳುವರು. ತರಬೇತಿಯವರು ಒಬ್ಬರು ಇವನಿಗೆ ಸೊಕ್ಕು ಅಂದರು, ಇನ್ನೊಬ್ಬರು ಇವನಿಗೆ ಆಸೆಯೇ ಇಲ್ಲ ಅಂದರು.

ಆಟ ಮುಗಿದ ಮೇಲೆ ಎಲ್ಲರೂ ಹೆಂಡತಿ ಮಕ್ಕಳ ಕಡೆ. ಇವನು ಬಾಡಿಗೆ ಕೋಣೆಗೆ ಹೋಗಿ ಅನ್ನ ಬೇಯಿಸಿಕೊಂಡು, ಕಿಟಕಿಯ ಹೊರಗೆ ಹಿಮ ಬೀಳುವುದನ್ನು ನೋಡುತ್ತ ಉಣ್ಣುವುದು. ಬಾ ಅಂದರೆ ಹೋಗುತ್ತಿದ್ದ. ಬರಲೇ ಅಂತ ಅವನು ಯಾರನ್ನೂ ಕೇಳಲಿಲ್ಲ. ಅಷ್ಟರಲ್ಲಿ ತಾಯಿಯೂ ತೀರಿಕೊಂಡಳು.

ಅವನಿಗೆ ಒಂದೇ ಒಂದು ಆಸೆ ಇತ್ತು. ಯಾವುದಾದರೂ ಒಂದು ದೇಶದವರು, ನೀನು ನಮ್ಮವನು, ಈ ಅಂಗಿ ತೊಟ್ಟು ಆಡು ಅನ್ನಬೇಕು. ಪೋರ್ತುಗಾಲಿನವರು ಎಳೆಯನಿದ್ದಾಗ ಕರೆದು ಆಮೇಲೆ ಮರೆತರು. ನಮ್ಮ ಇಂಡಿಯಾಕ್ಕೆ ಆಡಬೇಕಾದರೆ ಅಲ್ಲಿಯ ಪಾಸ್‌ಪೋರ್ಟ್ ಬಿಡಬೇಕು. ಬಿಟ್ಟು ಬಾ ಅಂತ ಯಾರೂ ಹೇಳಲಿಲ್ಲ. ತಂದೆಯ ಅಂಗೋಲಾದವರು ಒಮ್ಮೆಯೂ ಕರೆಯಲಿಲ್ಲ.

ಮೂವತ್ತು ದಾಟಿತು, ಕ್ಲಬ್ಬಿನ ಕರಾರೂ ಮುಗಿಯಿತು. ಇನಾಸ್ ಚೀಲ ಹೊತ್ತು ಹೊಳೆದಂಡೆಗೆ ಬಂದ. ಅಂಗೋಲಾದ ತಂಡ ಕಟ್ಟುತ್ತಿದ್ದ ದಿನಗಳು ಅವು. ಈ ಸಲ ಕರೆ ಬಾರದಿದ್ದರೆ ಇನ್ನು ಅವನ ಮೈಗೆ ಯಾವ ದೇಶದ ಅಂಗಿಯೂ ಇಲ್ಲ.

ಉಣ್ಣುವಾಗಲೂ ಫೋನು ತೊಡೆಯ ಮೇಲೆ. ಮೌಶಿ ಕಾತ್ರೀನಾ ನೋಡುವಷ್ಟು ನೋಡಿ, ಕಾವಿಗೆ ಕೂತ ಕೋಳಿಯೂ ನಡುವೆ ಎದ್ದು ಕಾಳು ತಿನ್ನುತ್ತದೆ ಮಗಾ, ಆ ಮೊಟ್ಟೆ ಅತ್ತ ಇಡು ಅಂದಳು. ಅವನು ನಕ್ಕ. ಇಡಲಿಲ್ಲ.

ಬೆಳಿಗ್ಗೆ ಮಾಸ್ತರರ ಹತ್ತಿರ ಹೋದ. ಅವರು ಗುಡಿಸಲ ಮುಂದೆ ಕೂತು ಚೆಂಡಿಗೆ ಗಾಳಿ ತುಂಬುತ್ತಿದ್ದರು. ಮಂಡಿ ಬಾತಿತ್ತು, ಮಗ್ಗುಲಲ್ಲಿ ಕೋಲು. ಬಂದೆಯಾ ಅನ್ನಲಿಲ್ಲ, ಕೂತುಕೋ ಅಂದರು.

“ಮಾಸ್ತರೆ, ನೀವು ಹೇಳಿದ ಹಾಗೆ ಜಾಗ ಹಿಡಿದು ನಿಂತೆ.”

“ಹೂಂ.”

“ಹೋದ ಊರಲ್ಲೆಲ್ಲ ನಿಂತೆ. ಬಾಯಿಬಿಡಲಿಲ್ಲ. ಚೆಂಡು ಬರಲಿಲ್ಲ.”

“ಯಾಕೆ ಬರಲಿಲ್ಲ?”

“ಅವರು ನೋಡಲಿಲ್ಲ.”

“ಅವರಿಗೆ ಆಟ ಕಲಿಸಿದವರು ಯಾರು?”

“ಅವರವರ ಊರಿನವರು.”

“ಮತ್ತೆ ನನ್ನ ಮೇಲೆ ಯಾಕೆ ಸಿಟ್ಟು? ನೋಡಿ ಕೊಡಿ ಅಂತ ನಾನು ಈ ಬಯಲಿನ ಮಕ್ಕಳಿಗೆ ಹೇಳಿದ್ದು. ಲೋಕಕ್ಕೆಲ್ಲ ನಾನೇ ಮಾಸ್ತರನೇನು?”

ಇನಾಸನಿಗೆ ದುಃಖ ಒತ್ತಿ ಬಂತು. ಕೇಳಬಾರದು ಅಂತ ಕಟ್ಟಳೆ ಹಾಕಿದ್ದು ನೀವೇ ಅಲ್ಲವೇ, ಅದೇ ಆಟದ ಧರ್ಮ ಅಂತ ನಂಬಿಕೊಂಡೆ, ಅದನ್ನೇ ಹಿಡಿದು ಇಷ್ಟು ವರ್ಷ ಬದುಕಿದೆ ಅಂದ.

ಮಾಸ್ತರರು ಪಂಪು ನಿಲ್ಲಿಸಿದರು.

“ಧರ್ಮವೂ ಅಲ್ಲ, ಮಣ್ಣೂ ಅಲ್ಲ. ನೀನು ಬರುವ ಮೊದಲು ಈ ಬಯಲಿನ ಗದ್ದಲ ದಾಂಡೇಲಿಗೆ ಕೇಳುತ್ತಿತ್ತು.”

“ಮತ್ತೆ ಕಟ್ಟಳೆ?”

“ಒಂದು ಕೂಸು ಬಂತು. ಮುಂದಿನ ಹಲ್ಲು ಇರಲಿಲ್ಲ. ನಮ್ಮ ಮಾತು ಒಂದೂ ಬರುತ್ತಿರಲಿಲ್ಲ. ಎಲ್ಲರೂ ಕೂಗಿ ಚೆಂಡು ತಗೊಳ್ಳುತ್ತಿದ್ದರು, ಅದಕ್ಕೆ ಏನಂತ ಕೂಗಬೇಕೋ ಗೊತ್ತಿರಲಿಲ್ಲ. ಆಮೇಲೆ ಆಟ ಬಿಟ್ಟು ಹೊಳೆಯ ಕಡೆ ಮುಖ ಮಾಡಿ ನಿಂತಿತು. ಅವತ್ತು ಉಳಿದವರ ಬಾಯಿ ಮುಚ್ಚಿಸಿದೆ.”

ಇನಾಸ್ ಹೊಳೆಯ ಕಡೆ ನೋಡಿದ.

“ನಿನಗೆ ಮಾತು ಬಂದ ಮೇಲೆ ತೆಗೆಯಬಹುದಿತ್ತು. ಮಕ್ಕಳು ಒಬ್ಬರನ್ನೊಬ್ಬರು ನೋಡಿ ಕೊಡುವುದು ನನ್ನ ಕಣ್ಣಿಗೆ ಚೆಂದ ಕಂಡಿತು. ಹಾಗೇ ಬಿಟ್ಟೆ.”

ಅಷ್ಟು ಹೇಳಿ ಅವರು ಕೋಲೂರಿ ಎದ್ದು ಮಕ್ಕಳನ್ನು ಕರೆದರು. ಇವತ್ತು ಕಟ್ಟಳೆ ತಿರುವುಮುರುವು, ಕೇಳಿದವನಿಗೆ ಮಾತ್ರ ಚೆಂಡು, ಕೇಳದೆ ನಿಂತವನು ಹೊಳೆಗೆ ಅಂದರು. ಇನಾಸನಿಗೂ ಇಳಿ ಅಂತ ಕೈಮಾಡಿದರು.

ಮಕ್ಕಳಿಗೆ ಇನ್ನೇನು ಬೇಕು? ಮರದ ಮೇಲಿನ ಮಂಗಗಳೂ ಜಾಗ ಖಾಲಿ ಮಾಡುವ ಹಾಗೆ ಕಿರುಚಾಟ ಎದ್ದಿತು. ಇನಾಸ್ ಓಡಿದ, ಜಾಗ ಹಿಡಿದ, ನಿಂತ. ಅಷ್ಟು ಊರಿನ ಭಾಷೆ ಬರುತ್ತಿತ್ತು, ಒಂದೂ ಬಾಯಿಗೆ ಬರಲಿಲ್ಲ. ಮಾಸ್ತರರು ಕೋಲಿನಿಂದ ಹೊಳೆ ತೋರಿಸಿದರು. ಹೋಗಿ ತಲೆ ಮುಳುಗಿಸಿ ಬಂದ. ಮತ್ತೆ ನಿಂತ. ಮತ್ತೆ ಹೊಳೆ. ಈ ಮಾಮ ಫುಟ್ಬಾಲಿಗೆ ಬಂದದ್ದಲ್ಲ, ಈಜಲಿಕ್ಕೆ ಬಂದದ್ದು ಅಂತ ಮಕ್ಕಳು ಬಿದ್ದು ಬಿದ್ದು ನಕ್ಕವು.

ಫಾತಿಮಾ ಅಂತ ಒಬ್ಬಳು ಹುಡುಗಿ ಚೆಂಡು ತಂದು ಅವನ ಎದುರಿಗೆ ನಿಂತಳು. ಕೊಡುವುದಕ್ಕೆ ಅವಳ ಕಾಲು ತುಡಿಯುತ್ತಿತ್ತು, ಕಟ್ಟಳೆ ಬಿಡುತ್ತಿರಲಿಲ್ಲ. ಚೆಂಡಿನ ಮೇಲೆ ಕಾಲಿಟ್ಟುಕೊಂಡು ಕಾದಳು.

“ಕೇಳು ಮಾಮಾ. ಕೊಡ್ತೇನೆ ನಾನು.”

ಅವನ ತಲೆಯಿಂದ ನೀರು ಇಳಿಯುತ್ತಿತ್ತು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಮತ್ತೊಮ್ಮೆ ಉಸಿರೆಳೆದುಕೊಂಡ.

“ನನಗೆ ಕೊಡು.”

ಕೊಟ್ಟಳು. ಚೆಂಡು ಕಾಲಿಗೆ ಬಂತು. ಹುಟ್ಟಿದಾಗಿನಿಂದ ಚೆಂಡು ದಾಟಿಸುವುದೇ ಕಸುಬಾದವನು, ಅದನ್ನು ಮುಂದೆ ದಾಟಿಸುವುದನ್ನು ಮರೆತು ನಿಂತುಬಿಟ್ಟ.

ಅವತ್ತು ಸಂಜೆ ಕಾತ್ರೀನಾಳ ಅಂಗಳದಲ್ಲಿ ನಿಂತು ಅವನೇ ಅಂಗೋಲಾದ ತಂಡದ ಯಜಮಾನನಿಗೆ ಫೋನು ಮಾಡಿದ. ನಾನು ಇಂಥವನ ಮಗ, ನಿಮ್ಮ ತಂಡಕ್ಕೆ ಆಡುವ ಆಸೆ ನನಗಿದೆ, ಸೇರಿಸಿಕೊಳ್ಳುತ್ತೀರಾ ಅಂತ ಕೇಳಿದನಂತೆ. ಕಾತ್ರೀನಾಳಿಗೆ ಆ ಭಾಷೆ ತಿಳಿಯದು. ಯಾರದೋ ಬಾಗಿಲ ಹೊರಗೆ ನಿಂತು ಕರೆದ ಹಾಗಿತ್ತು ದನಿ ಅಂತ ಅವಳು ಆಮೇಲೆ ಹೇಳಿದಳು. ಅತ್ತಲಿಂದ ಬಂದ ಉತ್ತರ ಇಷ್ಟೇ. ನಿನಗೆ ಮನಸ್ಸಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು ಮಾರಾಯ? ಬಾ, ನೋಡೋಣ.

ಹೊರಡುವ ದಿನ ಕಾತ್ರೀನಾಳ ಬಾಯಿಗೆ ಬಿಡುವಿಲ್ಲ. ಕರೆದರು ಅಂತ ಅಷ್ಟು ದೂರ ಹೋಗಬೇಕೇ, ಮಾಸ್ತರರಿಗೆ ಓಡಲು ಆಗುವುದಿಲ್ಲ, ಬಯಲು ದನಕರುಗಳ ಪಾಲಾಗುತ್ತದೆ, ನೀನು ಇಲ್ಲೇ ಇದ್ದು ಮಕ್ಕಳಿಗೆ ಕಲಿಸು ಅಂತ. ಇನಾಸ್ ಚೀಲ ಹೆಗಲಿಗೆ ಹಾಕಿಕೊಂಡು ಗುಡಿಸಲಿಗೆ ಹೋದ. ಕಾಲು ಮುಟ್ಟಿದ. ಎದ್ದವನು ಹೊರಡಲಿಲ್ಲ, ಅಲ್ಲೇ ನಿಂತ.

“ಮಾಸ್ತರೆ, ನಿಮಗೆ ನನ್ನಿಂದ ಏನಾದರೂ ಬೇಕೇ?”

ಮಾಸ್ತರರು ಬಯಲು ನೋಡಿದರು, ತಮ್ಮ ಮಂಡಿ ನೋಡಿದರು.

“ಏನೂ ಬೇಡ. ಬಸ್ಸಿನ ಹೊತ್ತಾಯಿತು, ನಡಿ.”

ಇಷ್ಟೇ ಕಥೆ. ಇನ್ನು ಯಾರು ಯಾರು ಏನಾದರು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ನಿದ್ದೆ ಬಾರದು.

ಇನಾಸ್ ತಂದೆಯ ದೇಶದ ಅಂಗಿ ತೊಟ್ಟ. ಬಹಳ ಕಾಲವೇನಲ್ಲ, ವಯಸ್ಸಾಗಿತ್ತಲ್ಲ. ಆಮೇಲೆ ಅಲ್ಲಿಯೇ ಮದುವೆಯಾಗಿ, ತಂದೆ ಹುಟ್ಟಿದ ಊರಿನಲ್ಲಿ ಮಕ್ಕಳಿಗೆ ಆಟ ಕಲಿಸಿಕೊಂಡು ನಿಂತ. ಆಗಾಗ ಫೋನು ಮಾಡುತ್ತಾನೆ. ಹಿಂದೆ ಗದ್ದಲವೋ ಗದ್ದಲ, ಮಾತೇ ಕೇಳಿಸುವುದಿಲ್ಲ.

ಕಾತ್ರೀನಾ ಅವನ ಆಟವನ್ನು ಟೀವಿಯಲ್ಲಿ ಒಂದು ಸಲ ನೋಡಿದಳು. ಅವನು ಕೈಯೆತ್ತಿ ಚೆಂಡು ಕೇಳುತ್ತಿದ್ದ. ಕೊಡ್ರೋ ಅವನಿಗೆ ಅಂತ ಟೀವಿಗೇ ಬೈದಳು. ಈಗ ಕಿವಿ ಮಂದ, ಉಳಿದಂತೆ ಗಟ್ಟಿ. ಫಾತಿಮಾ ಹುಬ್ಬಳ್ಳಿಯಲ್ಲಿ ಹೆಣ್ಣುಮಕ್ಕಳ ತಂಡಕ್ಕೆ ಆಡುತ್ತಾಳೆ. ರಜೆಗೆ ಬಂದಾಗ ಬಯಲಿನ ಮಕ್ಕಳಿಗೆ ಅವಳೇ ಮಾಸ್ತರು.

ಮಾಸ್ತರರು ಹಾಸಿಗೆ ಹಿಡಿದರು. ಮಕ್ಕಳು ಬರುತ್ತಿದ್ದವು, ಹೋಗುತ್ತಿದ್ದವು. ಕತ್ತಲಾದ ಮೇಲೆ ಅವರು ಮತ್ತು ಹೊಳೆ, ಇಬ್ಬರೇ. ಕಾತ್ರೀನಾ ದಿನಾ ಗಂಜಿ ತಗೊಂಡು ಹೋಗುತ್ತಿದ್ದಳು. ಕೊನೆಕೊನೆಗೆ ಅದೂ ಇಳಿಯದಾಯಿತು. ಅವತ್ತು ಅವಳಿಗೆ ತಡೆಯಲಾಗಲಿಲ್ಲ. ಇನಾಸನಿಗೆ ಬಾಯಿಬಿಟ್ಟು ಕೇಳು ಅಂತ ಕಲಿಸಿದಿರಿ, ನೀವು ಮಾತ್ರ ಇಲ್ಲೇ ಇರು ಅಂತ ಅವನನ್ನು ಒಂದು ಮಾತು ಕೇಳಲಿಲ್ಲವಲ್ಲ ಮಾಸ್ತರೆ, ಯಾಕೆ ಅಂದಳು.

ಅವರು ಬಾಗಿಲ ಹೊರಗೆ ನೋಡುತ್ತಲೇ ಇದ್ದರು.

“ಕೇಳಿದ್ದರೆ ಇದ್ದುಬಿಡುತ್ತಿದ್ದ, ತಂಗೀ.”