ಡಬ್ಬಿಯೋ ಫೋನೋ, ಅಡಿವೆಪ್ಪ ಕಠ್ಮಂಡುವಿಗೆ ಹೊರಟ

ಗೋಕಾಕದ ತುಂಗವ್ವನಿಗೆ ಒಬ್ಬನೇ ಮಗ. ಇಬ್ಬರಿಲ್ಲವಲ್ಲ ಅಂತ ಓಣಿಯವರೆಲ್ಲ ದೇವರಿಗೆ ಕೈ ಮುಗಿಯುತ್ತಿದ್ದರು. ಅಡಿವೆಪ್ಪ ಕೆಟ್ಟವನಲ್ಲ, ಸೋಮಾರಿಯಲ್ಲ, ವ್ಯಾನು ಹೊಡೆಯುವುದರಲ್ಲಂತೂ ಎತ್ತಿದ ಕೈ. ಅವನದು ಒಂದೇ ರೋಗ: ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು. "ಬಾಗಿಲ ಕಡೆ ಲಕ್ಷ್ಯ ಇರಲಿ" ಅಂದರೆ ಬಾಗಿಲನ್ನೇ ದಿಟ್ಟಿಸಿ ಕೂತಿರುತ್ತಿದ್ದ. ಬೆಕ್ಕು ಕಿಟಕಿಯಿಂದ ಬಂದು ಹಾಲು ಕುಡಿದು ಹೋಗುತ್ತಿತ್ತು.

ಇಂಥವನಿಗೆ ಹೆಣ್ಣು ಕೊಡುವವರು ಯಾರು? ಹನ್ನೊಂದು ಮನೆಯವರು ಚಹಾ ಕೊಟ್ಟು ಕಳಿಸಿದರು. ಉಳಿದದ್ದು ತುಂಗವ್ವನ ತಮ್ಮ ಕಲ್ಲಪ್ಪನ ಮನೆಯೊಂದೇ. ಅವನದು ನೇಪಾಳದ ಕಠ್ಮಂಡುವಿನಲ್ಲಿ ಇಡ್ಲಿ ಹೋಟೆಲು. "ಅಕ್ಕಾ, ಹುಡುಗ ತಾನೇ ಗಾಡಿ ಹೊಡಕೊಂಡು ಶುಕ್ರವಾರ ಮಧ್ಯಾಹ್ನದೊಳಗ ಇಲ್ಲಿ ಮುಟ್ಟಲಿ. ಮಗಳು ಸುಗಂಧಾನ್ನ ತೋರಿಸ್ತೀನಿ. ತಪ್ಪಿದ್ರ ಶನಿವಾರ ಬ್ಯಾರೇ ಗಂಡು ಬರಾಂವ ಅದಾನ" ಅಂದ.

ತುಂಗವ್ವ ಮಗನನ್ನು ಕರೆದುಕೊಂಡು ಮೊಬೈಲ್ ಅಂಗಡಿ ಶಫೀಕನ ಹತ್ತಿರ ಓಡಿದಳು. "ತಮ್ಮಾ, ಪರದೇಶಕ್ಕ ಹೊಂಟೇವಿ. ದಾರಿ ಹೇಳಾಕ ಯಾವುದು ಚಲೋ?"

ಶಫೀಕ ಒಂದು ಜಿಪಿಎಸ್ ಡಬ್ಬಿ ತೆಗೆದಿಟ್ಟ. "ಫೋನಿನ್ಯಾಗ ಹೊಸಾ ರಸ್ತೆ ಎಲ್ಲಾ ಐತಿ. ಆದ್ರ ಗಡಿ ದಾಟಿದ್ರ ಸಿಮ್ ಹಿಡಿಯೂದಿಲ್ಲ, ಬಿಸಿಲಿಗಿಟ್ರ ಕಾದು ನಿಂತುಬಿಡತೈತಿ. ಈ ಡಬ್ಬಿಗೆ ಸಿಮ್ ಬೇಕಾಗಿಲ್ಲ, ಆದ್ರ ಮ್ಯಾಪು ಹಳೇದು. ಯಾವುದು ಬೇಕು ನೋಡ್ರಿ."

"ಎರಡೂ ಇರಲಿ" ಅಂದಳು ತುಂಗವ್ವ. ಮಗನಿಗೆ, "ಎರಡರ ಮಾತೂ ಕೇಳಿ ಗಾಡಿ ಹೊಡಿ" ಅಂದಳು. ಅಲ್ಲೇ ತಪ್ಪಿದಳು ನೋಡಿ!

ಭಾನುವಾರ ನಸುಕಿಗೆ ಹೊರಟರು. ಸೊಲ್ಲಾಪುರ ದಾಟಿ ಒಂದು ಕವಲು ಬಂತು. ಫೋನು ಎಡಕ್ಕೆ ಅಂತು, ಡಬ್ಬಿ ಬಲಕ್ಕೆ ಅಂತು. ಅಡಿವೆಪ್ಪ ಎಡಕ್ಕೆ ಎರಡು ಮೈಲಿ ಹೋದ, ತಿರುಗಿ ಬಂದ, ಬಲಕ್ಕೆ ಎರಡು ಮೈಲಿ ಹೋದ, ತಿರುಗಿ ಬಂದ. ತೂಕಡಿಸುತ್ತಿದ್ದ ತುಂಗವ್ವ ಕಣ್ಣು ಬಿಟ್ಟಾಗೆಲ್ಲ ಅದೇ ಕಬ್ಬಿನ ಹಾಲಿನ ಅಂಗಡಿ!

"ಏ ಖೋಡಿ! ಏನ ನಡಸೀಯೋ?"

"ಎರಡರ ಮಾತೂ ಕೇಳಾಕತ್ತೇನಿ ಯವ್ವಾ. ಯಾವುದಕ್ಕೂ ಬ್ಯಾಸರ ಆಗಬಾರದಲ್ಲ!"

"ನಿನ್ನ ಬುದ್ಧಿಗೆ ಬೆಂಕಿ ಹಚ್ಚಲಿ! ನಮ್ಮ ದೇಶದಾಗ ಫೋನಿನ ಮಾತಷ್ಟ ಕೇಳು. ಅದು ಕಾಯಬಾರದು, ತಣ್ಣಗ ಇಡು."

ಆಗಲಿ ಅಂದ. ನಾಗಪುರದ ಬಿಸಿಲಿಗೆ ಫೋನು ಕಾಯಿತು. ಅವ್ವನ ಮಜ್ಜಿಗೆ ತಂಬಿಗೆ ತಣ್ಣಗಿತ್ತು. ಬುಳುಕ್ ಅಂತ ಅದರೊಳಗೆ ಇಳಿಬಿಟ್ಟ! ಫೋನು ತಣ್ಣಗಾಯಿತು, ಎಂದೆಂದಿಗೂ.

"ಅಯ್ಯೋ ಹುಚ್ಚಪ್ಪಾ! ಕಾದದ್ದಕ್ಕ ನೀರು, ಮಜ್ಜಿಗಿ ಸೋಕಸ್ತಾರೇನೋ? ಗಾಳಿ ಹಾಕಬೇಕೋ, ಗಾಳಿ!"

ಆಗಲಿ ಅಂದ. ಡಬ್ಬಿ ತೋರಿಸಿದ ದಾರಿಯಲ್ಲಿ ಹೋಗುವಾಗ ಜಬಲಪುರದ ಘಾಟಿಯಲ್ಲಿ ವ್ಯಾನಿನ ರೇಡಿಯೇಟರ್ ಕುದಿದು ಬುಸ್ ಅಂತು. ನೀರಿನ ಕ್ಯಾನು ಪಕ್ಕದಲ್ಲೇ ಇತ್ತು. ಅಡಿವೆಪ್ಪ ಅದನ್ನು ಮುಟ್ಟಲಿಲ್ಲ. ಅವ್ವನ ಬೀಸಣಿಗೆ ತಂದು ಗಾಳಿ ಹಾಕಿದ. ಮರದ ನೆರಳಲ್ಲಿ ಮಲಗಿದ್ದ ತುಂಗವ್ವ ಎದ್ದು ನೋಡಿದರೆ ಮೂರು ತಾಸು ಕಳೆದಿತ್ತು, ಮಗ ಇನ್ನೂ ಬೀಸುತ್ತಿದ್ದ.

"ಶುಕ್ರವಾರ ತಪ್ಪಿದ್ರ ನಿನ್ನ ಹಣಿಬಾರದಾಗ ಮದುವಿ ಇಲ್ಲೋ! ಗಾಡಿ ನಿಂತಿದ್ದು ಕಂಡ್ರ ನಾಕ ಮಂದೀನ್ನ ಕರದು ದಬ್ಬಸಬೇಕೋ!"

ಆಗಲಿ ಅಂದ. ಗುರುವಾರ ಗಡಿ ಮುಟ್ಟಿದರು. ಕಾಗದ ಮಾಡಿಸುವ ಸಾಲಿನಲ್ಲಿ ಎದುರಿಗೆ ಒಂದು ಜೀಪು ನಿಂತಿತ್ತು. ಅಡಿವೆಪ್ಪ ಇಳಿದ, ನಾಲ್ಕು ಹಮಾಲರನ್ನು ಕರೆದ, "ಹೂಂ, ದಬ್ಬ್ರೋ!" ಅಂದ. ಜೀಪು ಉರುಳಿತು, ಅಡ್ಡಗೋಲು ಮುರಿಯಿತು. ಒಳಗೆ ನಿದ್ದೆ ಹೊಡೆಯುತ್ತಿದ್ದ ಗಡಿಯ ಸಾಹೇಬ ಎಚ್ಚರಾಗುವಷ್ಟರಲ್ಲಿ ಪರದೇಶದಲ್ಲಿದ್ದ! ತುಂಗವ್ವ ಅವನ ಕಾಲು ಹಿಡಿದಳು, ಕಟ್ಟಿ ತಂದಿದ್ದ ಕರದಂಟನ್ನೆಲ್ಲ ಕೊಟ್ಟಳು. ಸಾಹೇಬ ಒಂದು ಚೂರು ಬಾಯಿಗೆ ಹಾಕಿಕೊಂಡ ಮೇಲೆಯೇ ಬಿಟ್ಟದ್ದು.

ತುಂಗವ್ವನಿಗೆ ಅಳುವೇ ಬಂತು. "ಇನ್ನ ನಿನ್ನ ತಲಿ ಓಡಸಬ್ಯಾಡ. ನನ್ನ ಮಾತೂ ಬ್ಯಾಡ. ಡಬ್ಬಿ ಏನ ಹೇಳತೈತಿ, ಅಷ್ಟ ಮಾಡು!"

ಆಶ್ಚರ್ಯ ನೋಡಿ, ಈ ಸಲ ಎಲ್ಲ ಸರಿಹೋಯಿತು. ಡಬ್ಬಿ ಹೇಳಿತು, ಅಡಿವೆಪ್ಪ ಹೊಡೆದ. ಶುಕ್ರವಾರ ಹನ್ನೊಂದೂವರೆಗೆ ಕಲ್ಲಪ್ಪನ ಮನೆ ಬಾಗಿಲಲ್ಲಿ ವ್ಯಾನು ನಿಂತಿತು. ತುಂಗವ್ವನ ಎದೆಯ ಭಾರ ಇಳಿಯಿತು.

ಸುಗಂಧಾ ಅವಲಕ್ಕಿ, ಚಹಾ ತಂದಿಟ್ಟಳು. ಚೂಟಿ ಹುಡುಗಿ. ನೇರವಾಗಿ ಕೇಳಿದಳು, "ಮದುವಿ ಆದಮ್ಯಾಲೆ ಯಾರ ಮಾತು ಕೇಳ್ತೀರಿ? ಅತ್ತೀದೋ, ನಂದೋ?"

ಅಡಿವೆಪ್ಪ ಜೇಬಿನಿಂದ ಡಬ್ಬಿ ತೆಗೆದು ಅವಲಕ್ಕಿ ತಟ್ಟೆಯ ಪಕ್ಕ ಇಟ್ಟ. ಎಲ್ಲರೂ ಡಬ್ಬಿಯನ್ನೇ ನೋಡಿದರು. ಡಬ್ಬಿ ಅಂತು, "ಸಾಧ್ಯವಾದ ಕಡೆ ಹಿಂದಕ್ಕೆ ತಿರುಗಿ."

ಅಡಿವೆಪ್ಪ ಕುರ್ಚಿ ಸಮೇತ ತಿರುಗಿ, ಹುಡುಗಿಗೆ ಬೆನ್ನು ಕೊಟ್ಟು, ಗೋಡೆ ನೋಡುತ್ತ ಕೂತ!

ಕಲ್ಲಪ್ಪ ಹಣೆ ಬಡಿದುಕೊಂಡ. ತುಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಹನ್ನೆರಡನೇ ಮನೆಯೂ ಹೋಯಿತು ಅಂತ. ಸುಗಂಧಾ ಮಾತ್ರ ಬಿದ್ದು ಬಿದ್ದು ನಕ್ಕಳು. ಡಬ್ಬಿಯ ಗುಂಡಿ ಒತ್ತಿ ಬಾಯಿ ಮುಚ್ಚಿಸಿದಳು.

"ಇತ್ತಾಗ ತಿರಗ್ರಿ. ಇನ್ನ ಮ್ಯಾಲೆ ನನ್ನ ಮಾತು ಕೇಳ್ತೀರೇನು?"

ಅಡಿವೆಪ್ಪ ಅವ್ವನ ಮುಖ ನೋಡಿದ. ತುಂಗವ್ವ ಎರಡೂ ಕೈ ಜೋಡಿಸಿ, "ಹೂಂ ಅನ್ನೋ ನನ್ನಪ್ಪಾ!" ಅಂದಳು.

"ಹೂಂ, ಕೇಳ್ತೀನಿ."

"ಹೇಳಿದ್ದನ್ನ ಇಷ್ಟು ಕೇಳೋ ಗಂಡು ಊರಾಗ ಇನ್ನೊಬ್ಬಾಂವ ಸಿಗೂದಿಲ್ಲ. ಅಪ್ಪಾ, ನನಗ ಒಪ್ಪಿಗಿ."

ತುಂಗವ್ವನ ಕಣ್ಣಲ್ಲಿ ನೀರು ತುಂಬಿತು. ಕಲ್ಲಪ್ಪ ಸಕ್ಕರೆ ತರಲು ಒಳಗೆ ಓಡಿದ. ಅಡಿವೆಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ ಹುಡುಗಿಯನ್ನು ನೋಡಿದ, ನೋಡೇ ನೋಡಿದ. ಸುಗಂಧಾಳ ಕೆನ್ನೆ ಕೆಂಪಾಯಿತು. ಸೆರಗು ಬೆರಳಿಗೆ ಸುತ್ತಿಕೊಂಡು, "ಅಯ್ಯ, ಹೋಗ್ರೀ!" ಅಂದಳು.

ಅಡಿವೆಪ್ಪ ಎದ್ದ. ಡಬ್ಬಿ ಎತ್ತಿಕೊಂಡ. ಹೋದ! ಕಲ್ಲಪ್ಪ ಸಕ್ಕರೆ ಹಿಡಿದು ಬರುವಷ್ಟರಲ್ಲಿ ವ್ಯಾನು ಓಣಿ ದಾಟಿತ್ತು. ಹಿಂದೆ ಓಡಿದ ತುಂಗವ್ವನ ಕೈಗೆ ಸಿಕ್ಕಿದ್ದು ಹೊಗೆ.

ಐದನೇ ದಿನ ಗೋಕಾಕದ ಶಫೀಕನ ಅಂಗಡಿಯಿಂದ ಕಲ್ಲಪ್ಪನ ಮನೆಗೆ ಫೋನು ಬಂತು.

"ಯವ್ವಾ, ಊರು ಮುಟ್ಟೇನಿ. ಇಷ್ಟು ಹೋಗಿದ್ದು ಸಾಕೋ, ಇನ್ನೂ ಹೋಗಬೇಕೋ, ಸುಗಂಧಾನ್ನ ಕೇಳಿ ಹೇಳು!"