ಸಿಂಗಿ ಹಿಡಿದ ದೀವಟಿಗೆ

"ಕೇಳ್ರಪ್ಪೋ ಕೇಳಿ! ಗುಡುಗಾಸುರನ ಗವಿಗೆ ಹೋಗಿ, ಅವನ ಮೂರು ಒಗಟು ಬಿಡಿಸಿದ ವೀರರಿಗೆ ಅರ್ಧ ರಾಜ್ಯ! ತಪ್ಪಿದವರು ಕಲ್ಲು! ಬಿಡಿಸಿದರೆ ಕಲ್ಲಾದವರಿಗೆಲ್ಲ ಜೀವ! ಇದು ಮಹೀಪಾಲರಾಯರ ಅಪ್ಪಣೆ!"

ಡಂಗೂರದವನು ದೀವಟಿಗೆ ಹಿಡಿಯುವವರ ಸುದ್ದಿ ಎತ್ತಲಿಲ್ಲ. ಆ ನಾಡಿನಲ್ಲಿ ವೀರನಾದವನು ತನ್ನ ಬೆಳಕನ್ನು ತಾನೇ ಹಿಡಿದರೆ ಮರ್ಯಾದೆ ಹೋದಂತೆ. ಕತ್ತಿಗೊಂದು ಕೈ ಬೇಕು, ಮೀಸೆಗೊಂದು ಕೈ ಬೇಕು! ಹಾಗಾಗಿ ವೀರರ ಹಿಂದೆ ಯಾರೋ ಒಬ್ಬ ಬಡಪಾಯಿ ದೀವಟಿಗೆ ಹೊತ್ತು ಹೋಗಿ, ಅವರ ಜೊತೆಗೇ ಕಲ್ಲಾಗುತ್ತಿದ್ದ. ಸಿಂಗಿಯ ಅಣ್ಣ ಬೊಮ್ಮ ಕಲ್ಲಾದದ್ದೂ ಹಾಗೆಯೇ. ಅವನನ್ನು ಮನೆಗೆ ಕರೆತರಬೇಕೆಂದೇ ಅವಳು ಈ ಸಲ ದೀವಟಿಗೆ ಹಿಡಿದಳು.

ಮುಂದೆ ರಾಜಕುಮಾರ ರಣಧವಳ, ಪಕ್ಕದಲ್ಲಿ ಮಂತ್ರವಾದಿ ಜಟಾಭಟ್ಟ. ದಾರಿಯುದ್ದಕ್ಕೂ ಇಬ್ಬರೂ ಬಡಾಯಿ ಕೊಚ್ಚಿದರು. ಸಿಂಗಿಗೆ ಕೇಳಿ ಕೇಳಿ ಹೇಸಿಗೆಯಾಯಿತು.

ಗವಿಯ ತುಂಬ ಕಲ್ಲಾದ ವೀರರು. ಒಂದು ಮೂಲೆಯಲ್ಲಿ ಕೈ ಎತ್ತಿದಂತೆಯೇ ಬೊಮ್ಮ. ಸಿಂಗಿ ದೀವಟಿಗೆಯನ್ನು ಅವನತ್ತ ಎತ್ತಿ ಹಿಡಿದಳು.

ಗುಡುಗಾಸುರ ಆಕಳಿಸಿದ. "ಬಂದ್ರಾ? ನನ್ನಂಥವನ ಮನೆಗೆ ಬರೋಕೂ ಯೋಗ್ಯತೆ ಬೇಕು. ಇರಲಿ. ಬಾಯಿದೆ, ಹಲ್ಲಿಲ್ಲ. ಎಷ್ಟು ಜನರನ್ನು ನುಂಗಿದರೂ ಹೊಟ್ಟೆ ತುಂಬಿಲ್ಲ. ಏನದು?"

"ಸಾವು!" ಎಂದ ರಣಧವಳ, ಎದೆಯುಬ್ಬಿಸಿ. ಅಸುರ ಬೆರಳು ತೋರಿಸಿ ಮಂತ್ರ ಹೇಳಿದ. ಉಬ್ಬಿದ ಎದೆ ಹಾಗೇ ಕಲ್ಲಾಯಿತು.

ಜಟಾಭಟ್ಟ ಗಡ್ಡ ಸವರಿಕೊಂಡ. "ಮೂರ್ಖ. ಅದು ಆಸೆ." ಗಡ್ಡವೂ ಕಲ್ಲಾಯಿತು.

ಅಸುರನ ಬೆರಳು ಸಿಂಗಿಯತ್ತ ತಿರುಗಿತು. ಬೆಳಕು ಹಿಡಿದ ತನ್ನನ್ನು ಕೊನೆಯವರೆಗೆ ಯಾಕೆ ಉಳಿಸಿಕೊಂಡ ಎಂಬುದು ಅವಳಿಗೆ ಆಗ ಹೊಳೆಯಿತು. ಅವಳು ದೀವಟಿಗೆಯನ್ನು ನೆಲದ ನೀರಿನ ಹೊಂಡಕ್ಕೆ ಮುಟ್ಟುವಷ್ಟು ಬಗ್ಗಿಸಿದಳು.

"ಕಾಣದವರಿಗೆ ನಿನ್ನ ಮಂತ್ರ ತಾಗಲ್ಲ, ಅಲ್ವಾ? ನನ್ನನ್ನೂ ಕೇಳು. ಇಲ್ಲಾಂದ್ರೆ ಆರಿಸಿಬಿಡ್ತೀನಿ."

"ನಿನ್ನನ್ನಾ?" ಅಸುರ ಹೊಟ್ಟೆ ಹಿಡಿದು ನಕ್ಕ. "ಸರಿ, ಹೇಳು."

"ಅದು ಈ ನಿನ್ನ ಗವಿ."

ಅಸುರನ ನಗು ನಿಂತಿತು. "ಹಾರುತ್ತೆ, ರೆಕ್ಕೆಯಿಲ್ಲ. ಅದು ಮುಟ್ಟಿದವನಿಗೆ ಹಸಿವಿಲ್ಲ, ಅಳುವಿಲ್ಲ. ಏನು?"

"ನಿನ್ನ ಮಂತ್ರ. ನಮ್ಮಣ್ಣನಿಗೆ ತಾಗಿದ್ದು ಅದೇ."

ಅಸುರ ಮುಂದಕ್ಕೆ ಬಾಗಿದ. "ನೂರು ವೀರರ ನಡುವೆ ಕೂತಿದ್ದಾನೆ. ಒಬ್ಬನೂ ಎದುರಾಡಲಾರ. ಯಾರವನು?"

ಚಕ್ರವರ್ತಿ ಎಂದಿರುತ್ತಿದ್ದರು ಆ ಇಬ್ಬರೂ. ಸಿಂಗಿ ಅಣ್ಣನನ್ನೊಮ್ಮೆ ನೋಡಿದಳು.

"ನೀನೇ. ನಿನಗೆ ನಿನ್ನ ಬಿಟ್ಟು ಬೇರೆ ಮಾತೇ ಗೊತ್ತಿಲ್ಲ. ಗವಿಯೂ ನಿಂದು, ಮಂತ್ರವೂ ನಿಂದು. ಬಂದವರನ್ನೆಲ್ಲ ಕಲ್ಲು ಮಾಡಿ, ಮಾತಾಡೋಕೆ ಜನ ಇಲ್ಲದೆ ಕೂತಿದ್ದೀಯ. ಥೂ, ಇದೂ ಒಂದು ಬದುಕಾ!"

ಮೂರೂ ಒಗಟು ಬಿಡಿಸಿದ್ದೇ ತಡ, ಮಂತ್ರ ಅಸುರನಿಗೇ ಮರಳಿತು. ಅವನು ಬಾಯಿ ತೆರೆದಂತೆಯೇ ಕಲ್ಲಾದ. ಉಳಿದ ಕಲ್ಲುಗಳೆಲ್ಲ ಕೆಮ್ಮುತ್ತ ಎದ್ದವು. ಸಿಂಗಿ ಬೊಮ್ಮನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ನಾನೂ ಅದನ್ನೇ ಹೇಳೋನಿದ್ದೆ," ಎಂದ ರಣಧವಳ. ಆಮೇಲೆ ಬೊಮ್ಮನತ್ತ ಚಿಟಿಕೆ ಹೊಡೆದ. "ಏಯ್, ದೀವಟಿಗೆ ತಗೋ." ಬೊಮ್ಮ ಅಭ್ಯಾಸಬಲದಿಂದ ಕೈ ಚಾಚಿದ.

ಸಿಂಗಿ ಆ ಕೈಯನ್ನು ಕೆಳಗಿಳಿಸಿ, ದೀವಟಿಗೆಯನ್ನು ರಾಜಕುಮಾರನ ಮುಷ್ಟಿಗೇ ತುರುಕಿದಳು. "ಹಿಡ್ಕೊಂಡು ಮುಂದೆ ನಡಿ. ಇಲ್ಲಾಂದ್ರೆ ಕತ್ತಲಲ್ಲೇ ಕೂತಿರು." ಕತ್ತಲೆಂದರೆ ಅವನಿಗೆ ಪ್ರಾಣಭಯ. ತೆಪ್ಪಗೆ ನಡೆದ.

ಅರಮನೆಯ ಬಾಗಿಲಲ್ಲಿ ಮಹೀಪಾಲರಾಯ ಹಾರ ಹಿಡಿದು ನಿಂತಿದ್ದ. ಮೊದಲು ಬಂದವನ ಕೈಯಲ್ಲಿ ದೀವಟಿಗೆ ಕಂಡಿತು. ದೀವಟಿಗೆಯವನ ಮುಖ ನೋಡುವ ಪದ್ಧತಿ ಅರಸನಿಗಿರಲಿಲ್ಲ. ಅವನನ್ನು ದಾಟಿ ಬಂದು, ಹಿಂದೆ ಬರಿಗೈಲಿ ನಡೆದುಬರುತ್ತಿದ್ದ ಸಿಂಗಿಯ ಕೊರಳಿಗೆ ಹಾರ ಹಾಕಿದ.